ರೋಹಿಣಿ ಮಳೆ ಹೊತ್ತಿಗೆ ಹಿಮಾಲಯ ಹೇಗಿರುತ್ತದೆ?

ಪ್ರಶ್ನೆ: ಜೂನ್ ಮೊದಲ ವಾರ ನಾವು ಐದು ಜನ ಗೆಳೆಯರು ಮನಾಲಿ ಕಡೆಯ ಹಂಪ್ಟಾ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) ಚಾರಣಕ್ಕೆ ಹೊರಟಿದ್ದೇವೆ. ಕುಮಾರ ಪರ್ವತ ಎರಡು ಸಲ ಹತ್ತಿದ್ದೇವೆ. ಜೂನ್ ಮೊದಲ ವಾರ ಮನಾಲಿ ಕಡೆ ಬೇಸಿಗೆ, ಮಳೆಗಾಲ ಇನ್ನೂ ಬಂದಿರುವುದಿಲ್ಲ. ಹವಾಮಾನದ ಚಿಂತೆ ಬೇಡ ಅಲ್ವಾ?
– ಓದುಗರೊಬ್ಬರು, ಸಾಗರ

ಉತ್ತರ: ಬೇಕು. ಮಳೆಗಾಲದ ಲೆಕ್ಕ ನೀವು ಹೇಳಿದ್ದು ಸರಿ. ಹಿಮಾಚಲಕ್ಕೆ ಮುಂಗಾರು ಮುಟ್ಟುವುದು ಸಾಮಾನ್ಯವಾಗಿ ಜೂನ್ ಕೊನೆಯ ವಾರದ ಹೊತ್ತಿಗೆ. ಆದರೆ ನಿಮ್ಮೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಸುಡುಬಿಸಿಲು, ಮೂರು ಗಂಟೆಗೆ ಮೋಡ ಕವಿದು ಗುಡುಗು. ಅಲ್ಲಿಯೂ ಅದೇ ಕಥೆ. ಬಿಸಿಲಿಗೆ ಕಣಿವೆ ಕಾಯುತ್ತದೆ, ಬಿಸಿಗಾಳಿ ಇಳಿಜಾರು ಹಿಡಿದು ಮೇಲೇರುತ್ತದೆ, ಮಧ್ಯಾಹ್ನಕ್ಕೆ ಬೆಟ್ಟದ ನೆತ್ತಿ ಮೇಲೆ ಮೋಡ. ಸಾಗರದಲ್ಲಿ ಅದು ಮಳೆಯಾಗಿ ಸುರಿಯುತ್ತದೆ, 4,000 ಮೀಟರ್ ಎತ್ತರದಲ್ಲಿ ಆಲಿಕಲ್ಲು, ಇಲ್ಲವೇ ಹಿಮ. ಇದರ ಮೇಲೆ ವೆಸ್ಟರ್ನ್ ಡಿಸ್ಟರ್ಬೆನ್ಸ್ (ಪಶ್ಚಿಮದಿಂದ ಮಳೆ, ಹಿಮ ಹೊತ್ತು ಬರುವ ವಾಯುಭಾರ ಕುಸಿತ) ಒಂದು ಬಂತು ಅಂದರೆ ಎರಡು ಮೂರು ದಿನ ಆಕಾಶವೇ ಕಾಣುವುದಿಲ್ಲ.

ಎತ್ತರವೂ ಬೇರೆ. ಕುಮಾರ ಪರ್ವತ 1,712 ಮೀಟರ್. ಪಾಸ್ ಸುಮಾರು 4,270. ಪ್ರತಿ ಸಾವಿರ ಮೀಟರಿಗೆ ಆರು ಡಿಗ್ರಿಯಷ್ಟು ತಂಪಾಗುತ್ತದೆ. ಮನಾಲಿ ಪೇಟೆಯಲ್ಲಿ 22 ಡಿಗ್ರಿ ಇದ್ದರೆ ಮೇಲೆ ಒಂಬತ್ತರ ಆಸುಪಾಸು. ಗಾಳಿ ಬೀಸಿದರೆ ಮೈಗೆ ಅದೂ ಇಲ್ಲ.

ಆದರೆ ನಿಜವಾಗಿ ನೋಡಬೇಕಾದ್ದು ಗಡಿಯಾರ. ನಾನು ಇದನ್ನು ಕಲಿತದ್ದು ಒಂದು ಕಾಲುಚೀಲದಿಂದ. ಮೊದಲ ಸಲ ಹೋದಾಗ ಪಾಸ್‌ಗೆ ಮೊದಲಿನ ತಂಗುದಾಣ ಬಾಲು ಕಾ ಘೇರಾದಲ್ಲಿ ಟೆಂಟು ಹಾಕಿದ್ದೆವು. ಬೆಳಿಗ್ಗೆ ಐದಕ್ಕೆ ಹೊರಡಬೇಕು ಅಂತ ಗೈಡ್ ರಾತ್ರಿಯೇ ಹೇಳಿದ್ದ. ನನ್ನ ಒಂದು ಕಾಲುಚೀಲ ಸಿಗಲಿಲ್ಲ. ಹುಡುಕಿ, ಬೈಸಿಕೊಂಡು, ಇನ್ನೊಂದು ಸುತ್ತು ಚಹಾ ಕುಡಿದು ಹೊರಟಾಗ ಏಳೂವರೆ. ಹತ್ತುವಾಗ ಏನೂ ತೊಂದರೆಯಿಲ್ಲ. ರಾತ್ರಿ ಹೆಪ್ಪುಗಟ್ಟಿದ ಹಿಮ ಕಾಲಡಿ ಕರಕ್ ಕರಕ್ ಅನ್ನುತ್ತಿತ್ತು. ಪಾಸ್ ದಾಟಿ ಆಚೆಯ ತಂಗುದಾಣ ಶಿಯಾ ಗೋರು ಕಡೆ ಇಳಿಯುವಾಗ ಹನ್ನೊಂದು ದಾಟಿತ್ತು. ಅಷ್ಟರಲ್ಲಿ ಹಿಮ ಐಸ್ ಗೋಲಾ ಥರ ಆಗಿತ್ತು. ಹೆಜ್ಜೆ ಇಟ್ಟರೆ ತೊಡೆವರೆಗೆ ಒಳಗೆ. ಒಂದು ಸಲ ಕಾಲು ಮೇಲೆ ಬಂತು, ಶೂ ಒಳಗೇ ಉಳಿಯಿತು. ಕೈ ಹಾಕಿ ಅಗೆದು ತೆಗೆಯಬೇಕಾಯಿತು.

ಒಂದು ಗಂಟೆಗೆ ಆಲಿಕಲ್ಲು ಶುರು. ರೇನ್‌ಕೋಟು ಎಲ್ಲಿತ್ತು? ಬ್ಯಾಗಿನ ತಳದಲ್ಲಿ, ಚಕ್ಕುಲಿ ಡಬ್ಬಿಯ ಕೆಳಗೆ. ಕಾಲು ಗಂಟೆಯಲ್ಲಿ ಎಲ್ಲರೂ ತೊಪ್ಪೆ. ಜೊತೆಗಿದ್ದ ಹುಡುಗನೊಬ್ಬ ಸುಮ್ಮನಾಗಿಬಿಟ್ಟ. ಕೋಪ ಬಂದಿದೆ ಅಂದುಕೊಂಡೆ. ಅವನು ಜಾಕೆಟ್ಟಿನ ಜಿಪ್ ಎಳೆಯಲು ನೋಡುತ್ತಿದ್ದ, ಬೆರಳು ಕೇಳುತ್ತಿರಲಿಲ್ಲ. 'ಟೆಂಟು ಎಷ್ಟು ದೂರ?' ಅಂತ ಕೇಳಿದ. ಹೇಳಿದೆ. ಮತ್ತೆ ಅದನ್ನೇ ಕೇಳಿದ. ಗೈಡ್ ತಿರುಗಿ ನೋಡಿದವನೇ ಅವನ ಒದ್ದೆ ಅಂಗಿ ಬಿಚ್ಚಿಸಿ, ಒಣ ಸ್ವೆಟರ್ ಹಾಕಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಸುತ್ತಿ, ಫ್ಲಾಸ್ಕಿನ ಸಕ್ಕರೆ ನೀರು ಕುಡಿಸಿದ. ಚಳಿಗೆ ಅವನ ಮೈಯ ಬಿಸಿಯೇ ಇಳಿದುಹೋಗುತ್ತಿತ್ತು. ಮಾತು ತೊದಲುವುದು, ಸಣ್ಣ ಕೆಲಸಕ್ಕೂ ಕೈ ಬಾರದಿರುವುದು, ಸುಮ್ಮನೆ ಕೂತುಬಿಡುವುದು, ಇವು ಕಂಡರೆ ಬರೀ ಸುಸ್ತು ಅಂತ ಬಿಡಬೇಡಿ.

ಹೆದರಿಸಲು ಹೇಳುತ್ತಿಲ್ಲ. 2024ರಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ತಂಡದಲ್ಲಿದ್ದವರು ಹೆಚ್ಚಿನವರು ನಮ್ಮ ಕರ್ನಾಟಕದವರೇ. ಅದೂ ಜೂನ್ ಮೊದಲ ವಾರವೇ.

ಹೊಳೆಗಳಿಗೂ ಇದೇ ಗಡಿಯಾರ. ಬೆಳಿಗ್ಗೆ ಮೊಣಕಾಲುದ್ದ ಇರುವ ನೀರು, ದಿನವಿಡೀ ಹಿಮ ಕರಗಿ ಸಂಜೆಗೆ ಸೊಂಟ ಮುಟ್ಟಬಹುದು. ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ. ಕೆಲವೆಡೆ ಹೊಳೆ ಹಿಮದ ಅಡಿಯಲ್ಲೇ ಹರಿಯುತ್ತಿರುತ್ತದೆ. ಮೇಲಿನ ಹಿಮ ಸೇತುವೆಯ ಹಾಗೆ ಕಂಡರೂ ಜೂನಿನಲ್ಲಿ ದಿನದಿನಕ್ಕೆ ತೆಳುವಾಗುತ್ತದೆ. ಗೈಡ್ ಕೋಲಿನಿಂದ ಚುಚ್ಚಿ ನೋಡದೆ ಕಾಲಿಡಬೇಡಿ. ಕಪ್ಪು ಕನ್ನಡಕ ಮರೆಯಬೇಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರದ ಹಾಗೆ ನೋಡಿಕೊಳ್ಳಿ. ತಲೆನೋವು, ವಾಂತಿ ಬಂದರೆ ಮೇಲೆ ಹೋಗುವುದು ಬೇಡ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ರೈಲು ಟಿಕೆಟ್ ಮಾಡಿಸಿ. ವಾಪಸ್ ರೈಲಿನ ಗಡಿಬಿಡಿಯಲ್ಲೇ ಜನ ಕೆಟ್ಟ ಹವೆಯಲ್ಲಿ ಹತ್ತುವುದು.

ಪ್ರಶ್ನೆ: ಮೊಬೈಲ್ ಆ್ಯಪ್‌ನ ಹವಾಮಾನ ನಂಬಬಹುದೇ?
– ಓದುಗರು, ಹಾಸನ

ಉತ್ತರ: ಅದು ಯಾವ ಎತ್ತರದ ಲೆಕ್ಕ ಅಂತ ಮೊದಲು ನೋಡಿ. ಮನಾಲಿ ಅಂತ ಟೈಪ್ ಮಾಡಿದರೆ ಅದು ಹೇಳುವುದು ಪೇಟೆಯ ಬಿಸಿಲು. ಅದರ ಬದಲು ಹವಾಮಾನ ಇಲಾಖೆಯ ಶಿಮ್ಲಾ ಕೇಂದ್ರದ ಮುನ್ಸೂಚನೆ ಓದಿ. ಆರೆಂಜ್ ಅಲರ್ಟ್ ಇದ್ದ ದಿನ ಟೆಂಟಿನಲ್ಲಿ ಇಸ್ಪೀಟು ಆಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಬಾದಾಮಿಯಲ್ಲಿ ಬಂಡೆ ಹತ್ತಬಹುದೇ?
– ಓದುಗರು, ಧಾರವಾಡ

ಉತ್ತರ: ಮಧ್ಯಾಹ್ನ ಆ ಬಂಡೆ ಮೇಲೆ ರೊಟ್ಟಿ ಬೇಯಿಸಬಹುದು, ಹತ್ತಲು ಆಗುವುದಿಲ್ಲ. ಬೆರಳು ಬೆವತು ಹಿಡಿತ ಜಾರುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಈಗಲೇ ಹೋಗಬೇಕು ಅಂದರೆ ಬೆಳಿಗ್ಗೆ ಆರರಿಂದ ಒಂಬತ್ತು, ಅದೂ ನೆರಳಿನ ಬದಿ. ಮಳೆ ಬಿದ್ದರೆ ಒಂದೆರಡು ದಿನ ಬಿಡಿ, ಮರಳುಗಲ್ಲು ನೆನೆದಾಗ ಹಿಡಿದ ಅಂಚೇ ಕಿತ್ತು ಬರುತ್ತದೆ. ಬುತ್ತಿಯನ್ನು ಬಂಡೆಯ ಬುಡದಲ್ಲಿ ಬಿಟ್ಟು ಹತ್ತಬೇಡಿ. ಅಲ್ಲಿನ ಕೋತಿಗಳಿಗೆ ಬೇಸಿಗೆ ರಜೆ ಇಲ್ಲ.