ಎಲೆ ಬೇಕಾದಷ್ಟಿದೆ, ಮೊಗ್ಗೇ ಇಲ್ಲ

ಪ್ರಶ್ನೆ: ಅಕ್ಕಾ, ಕಾರವಾರದಲ್ಲಿ ನಮ್ಮದು ಚಿಕ್ಕ ಅಂಗಳ. ನೆಲದಲ್ಲಿ ಒಂದು ಭಟ್ಕಳ ಮಲ್ಲಿಗೆ, ಕುಂಡದಲ್ಲಿ ನಾಲ್ಕು ದಾಸವಾಳ. ಅಂಗಡಿ ಗೊಬ್ಬರ ತಿಂಗಳು ತಿಂಗಳು ಕೊಳ್ಳಲು ಕೈಲಾಗುವುದಿಲ್ಲ. ಭಾವ ಗದ್ದೆಗೆ ತಂದಿದ್ದ ಯೂರಿಯಾವನ್ನೇ ಮಳೆಗಾಲದಲ್ಲಿ ಮೂರು ಸಲ ಹಾಕಿದೆ. ಎಲೆ ಕಪ್ಪು ಹಸಿರಾಗಿದೆ, ಹೂವಿಲ್ಲ. ಮೀನು ತೊಳೆದ ನೀರು ಹಾಕಬಹುದಾ?
– ಒಬ್ಬ ಓದುಗರು, ಕಾರವಾರ

ಉತ್ತರ: ಮೊದಲು ಯೂರಿಯಾ ನಿಲ್ಲಿಸಿ. ಅದರಲ್ಲಿರುವ ಪೋಷಕ ಸಾರಜನಕ ಒಂದೇ, ನೂರಕ್ಕೆ 46 ಪಾಲು. ಅದು ಜಾಸ್ತಿಯಾದರೆ ಗಿಡ ಬರೀ ಎಲೆ ಬಿಡುತ್ತದೆ, ಮೊಗ್ಗು ಮರೆಯುತ್ತದೆ. ಮಳೆಗಾಲದಲ್ಲಿ ಹಾಕಿದ್ದರಲ್ಲಿ ಒಂದಷ್ಟು ಚರಂಡಿಗೇ ಹೋಗಿರುತ್ತದೆ. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತಲ್ವಾ? ಜೋರು ಮಳೆಯಲ್ಲಿ ಏನನ್ನೂ ಹಾಕಬೇಡಿ. ನವರಾತ್ರಿ ಕಳೆದು ಮಳೆ ಹಿಂದಾದ ಮೇಲೆ ಸ್ವಲ್ಪ ಸ್ವಲ್ಪವೇ ಕೊಡಿ.

ನಿಮ್ಮ ಗಿಡಕ್ಕೆ ಈಗ ಬೇಕಾದದ್ದು ಹೂವಿಗೆ ನೆರವಾಗುವ ಪೋಷಕ ಪೊಟ್ಯಾಶ್. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಕಟ್ಟಿಗೆ ಬೂದಿ ಸಾಕು. ಶಿರಸಿಯ ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು ಡಬ್ಬದಲ್ಲಿ ಇಡುತ್ತೇನೆ. ಮಲ್ಲಿಗೆ ಬುಡಕ್ಕೆ ಒಂದೂವರೆ ತಿಂಗಳಿಗೊಮ್ಮೆ ಒಂದು ಮುಷ್ಟಿ, ಕುಂಡಕ್ಕೆ ಒಂದು ಚಮಚ. ಚಿರೇಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿ ಜಾಸ್ತಿ, ಬೂದಿ ಅದನ್ನೂ ತಗ್ಗಿಸುತ್ತದೆ. ಸಗಣಿ ಗೊಬ್ಬರದ ಜೊತೆ ಕಲಸಬೇಡಿ, ಅದರ ಸಾರಜನಕ ಗಾಳಿಗೆ ಹೋಗುತ್ತದೆ. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ.

ಇನ್ನು ಮೀನಿನ ವಿಷಯ. ನಮ್ಮ ಮನೆಯಲ್ಲಿ ಮೀನಿಲ್ಲ. ಅಂಕೋಲೆಯ ಗೆಳತಿಯ ಹಿತ್ತಿಲಲ್ಲಿ ಕಣ್ಣಾರೆ ನೋಡಿ ಕಲಿತದ್ದನ್ನು ಹೇಳುತ್ತೇನೆ. ಉಪ್ಪು ಹಾಕದೆ ತೊಳೆದ ನೀರಾದರೆ ತೊಳೆದ ದಿನವೇ ಮಲ್ಲಿಗೆಯ ಸುತ್ತ ಹಾಕಬಹುದು. ಒಣಮೀನು ನೆನೆಸಿದ ನೀರು ಮಾತ್ರ ಬೇಡ, ಉಪ್ಪಿಗೆ ಬೇರು ಸುಡುತ್ತದೆ. ತಲೆ, ಕರುಳನ್ನು ಬುಡದಿಂದ ಒಂದೂವರೆ ಅಡಿ ದೂರದಲ್ಲಿ, ಒಂದು ಅಡಿ ಆಳಕ್ಕೆ ಹೂಳಿ. ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ರಾತ್ರಿ ಬೆಕ್ಕು ನಾಯಿ ಬಗೆದು ಹಾಕುತ್ತವೆ. ಕುಂಡಕ್ಕೆ ಹೂಳಲೇಬೇಡಿ, ಕೊಳೆತು ಹುಳ ಬೀಳುತ್ತದೆ. ಮೀನಿನಲ್ಲೂ ಸಾರಜನಕ ತುಂಬಾ ಇದೆ. ಹಾಗಾಗಿ ಇದನ್ನೆಲ್ಲ ಶುರು ಮಾಡಲು ಎರಡು ತಿಂಗಳು ಕಾಯಿರಿ.

ಕಾದು ಏನು ಮಾಡಬೇಕು? ನವೆಂಬರ್ ಕೊನೆಗೆ ಮಲ್ಲಿಗೆಯ ಕೊಂಬೆಯನ್ನು ಅರ್ಧಕ್ಕೆ ಸವರಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲೇ. ಆಗ ಆ ಚಿಗುರಿಗೆ ಮೀನಿನ ನೀರೋ ಶೇಂಗಾ ಹಿಂಡಿಯೋ ಕೊಡಿ. ಹಿಂಡಿ 100 ಗ್ರಾಂ, ನೀರು ಒಂದು ಲೀಟರ್, ನಾಲ್ಕು ದಿನ ಮುಚ್ಚಿಡಿ, ದಿನಾ ಕಲಕಿ. ಆಮೇಲೆ ಹತ್ತು ಪಾಲು ನೀರು ಬೆರೆಸಿಯೇ ಹಾಕಿ. ಒಂದು ವರ್ಷ ನಾನು ಅವಸರಕ್ಕೆ ಗಟ್ಟಿಯಾಗಿಯೇ ಹೊಯ್ದು ಎಂಟು ಅಬ್ಬಲಿಗೆ (ಕನಕಾಂಬರ) ಗಿಡ ಕಳೆದುಕೊಂಡೆ. ವಾರದೊಳಗೆ ಎಲೆಯ ಅಂಚು ಸುಟ್ಟ ಹಾಗಾಯಿತು. ಅಮ್ಮ ನೆಟ್ಟ ಗಿಡಗಳವು, ಇವತ್ತಿಗೂ ಬೇಜಾರಿದೆ.

ದಾಸವಾಳಕ್ಕೆ ಬೂದಿಯ ಜೊತೆಗೆ ಅಕ್ಕಿ ತೊಳೆದ ನೀರನ್ನೂ ಹಾಕಿ. ಮಳೆ ನಿಂತ ಮೇಲೆ ಎಲ್ಲ ಗಿಡದ ಬುಡಕ್ಕೂ ದರಕು (ಒಣಗಿದ ಎಲೆ) ಹಾಸಿ. ತೇವ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ.

ಫೆಬ್ರುವರಿ ಮುಗಿಯುವಾಗಲೂ ಮೊಗ್ಗು ಕಾಣದಿದ್ದರೆ ಮತ್ತೆ ಬರೆಯಿರಿ. ಮಲ್ಲಿಗೆಗೆ ದಿನಕ್ಕೆ ಎಷ್ಟು ತಾಸು ಬಿಸಿಲು ಬೀಳುತ್ತದೆ ಅಂತಲೂ ತಿಳಿಸಿ.