ವಿಮೆ ಸರ್ಕಾರದ್ದಾದರೆ ಅಗ್ಗವಾಗುತ್ತದೆಯೇ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ಅಮೆರಿಕದಲ್ಲಿ ಸರ್ಕಾರವೇ ಆರೋಗ್ಯ ವಿಮೆ ಮಾರಲು ನಿಂತರೆ ಖಾಸಗಿ ಕಂಪನಿಗಳು ಬಾಗಿಲು ಹಾಕಬೇಕಾಗುತ್ತದೆ ಎನ್ನುತ್ತಾರೆ ಅಲ್ಲಿರುವ ನನ್ನ ಅಳಿಯ. ಸರ್ಕಾರಕ್ಕೆ ಲಾಭ ಬೇಕಿಲ್ಲ, ಹಾಗಾಗಿ ಪ್ರೀಮಿಯಂ ಇಳಿಯಲೇಬೇಕು ಎಂಬುದು ನನ್ನ ವಾದ. ಯಾರದು ಸರಿ? ಮಗಳು ಗ್ರೀನ್ ಕಾರ್ಡ್ ಮಾಡಿಸಿ ನಮ್ಮಿಬ್ಬರನ್ನೂ ಕರೆಸಿಕೊಳ್ಳಬೇಕೆಂದಿದ್ದಾಳೆ. ನಮಗೆ 65 ದಾಟಿದೆ. ಅಲ್ಲಿನ ಸರ್ಕಾರಿ ವಿಮೆ ಸಿಗುತ್ತದೆಯೇ?”

ಮಾನ್ಯರೇ,

ಮೊದಲು ಲಾಭದ ಲೆಕ್ಕ ನೋಡೋಣ. ವೈಯಕ್ತಿಕ ಪಾಲಿಸಿಗಳಲ್ಲಿ ಪ್ರತಿ 100 ಡಾಲರ್ ಪ್ರೀಮಿಯಂಗೆ ಕನಿಷ್ಠ 80, ದೊಡ್ಡ ಗುಂಪು ವಿಮೆಯಲ್ಲಿ 85 ಡಾಲರ್ ಚಿಕಿತ್ಸೆಗೇ ಹೋಗಬೇಕು ಎನ್ನುತ್ತದೆ ಅಲ್ಲಿನ 2010ರ ಆರೋಗ್ಯ ವಿಮಾ ಕಾಯ್ದೆ (‘ಒಬಾಮಾಕೇರ್’). ಕಡಿಮೆ ಬಿದ್ದರೆ ಆ ವ್ಯತ್ಯಾಸವನ್ನು ಗ್ರಾಹಕರಿಗೆ ಮರಳಿಸಬೇಕು. ಸಂಬಳ, ಕಮಿಷನ್, ಕಚೇರಿ ಖರ್ಚು, ಲಾಭ ಎಲ್ಲವೂ ಮಿಕ್ಕ 15–20 ಡಾಲರಿನೊಳಗೇ. ಲಾಭವನ್ನು ಪೂರ್ತಿ ಕಿತ್ತುಹಾಕಿದರೂ ಉಳಿಯುವುದು ಕೆಲವೇ ಡಾಲರ್. ದೊಡ್ಡ ದುಡ್ಡು ಇರುವುದು ಆಸ್ಪತ್ರೆ ಬಿಲ್ಲಿನಲ್ಲಿ.

65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್, ಆಸ್ಪತ್ರೆಗೆ ಕೊಡುವ ದರವನ್ನು ತಾನೇ ಗೊತ್ತುಮಾಡುತ್ತದೆ. ಖಾಸಗಿ ಕಂಪನಿಗಳು ಒಂದೊಂದು ಆಸ್ಪತ್ರೆಯೊಡನೆಯೂ ಚೌಕಾಸಿ ಮಾಡಿ, ಕೊನೆಗೆ ಅದೇ ಚಿಕಿತ್ಸೆಗೆ ಸುಮಾರು ಎರಡು ಪಟ್ಟು, ಹಲವೆಡೆ ಅದಕ್ಕಿಂತಲೂ ಹೆಚ್ಚು ಕೊಡುತ್ತವೆ. ಊರಿನ ಒಂದೇ ದೊಡ್ಡ ಆಸ್ಪತ್ರೆಯನ್ನು ಪಟ್ಟಿಯಿಂದ ಬಿಟ್ಟು ಪಾಲಿಸಿ ಮಾರಲಾಗದು, ಆಸ್ಪತ್ರೆಗೂ ಅದು ಚೆನ್ನಾಗಿ ಗೊತ್ತು. ಹೊಸ ಸರ್ಕಾರಿ ವಿಮೆಗೆ ಮೆಡಿಕೇರ್ ದರವನ್ನೇ ಕೊಟ್ಟರೆ ನಿಮ್ಮ ಅಳಿಯನ ಆತಂಕಕ್ಕೆ ಅರ್ಥವಿದೆ. ಅದೂ ಎಲ್ಲರಂತೆ ಚೌಕಾಸಿಗೆ ಕೂರಬೇಕೆಂದರೆ ಅವರ ಭಯವೂ ನಿಜವಾಗದು, ನಿಮ್ಮ ಆಸೆಯೂ ಈಡೇರದು.

2009ರಲ್ಲಿ ಆದದ್ದು ಈ ಎರಡನೆಯದು. ನವೆಂಬರ್ 7ರಂದು ಕೆಳಮನೆ 220–215 ಮತಗಳಿಂದ ಒಪ್ಪಿದ ಆರೋಗ್ಯ ಮಸೂದೆಯಲ್ಲಿದ್ದ ‘ಪಬ್ಲಿಕ್ ಆಪ್ಷನ್’ (ಸರ್ಕಾರವೇ ಮಾರುವ ವಿಮೆ) ಚೌಕಾಸಿ ದರದ್ದು. ಅದಕ್ಕೆ ಸುಮಾರು 60 ಲಕ್ಷ ಜನ ಸೇರಬಹುದು, ಪ್ರೀಮಿಯಂ ಖಾಸಗಿ ಸರಾಸರಿಗಿಂತ ತುಸು ಹೆಚ್ಚೇ ಇರಬಹುದು ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತ್ತು. ಕಾರಣ, ಚಿಕಿತ್ಸೆಗೆ ಅಷ್ಟಾಗಿ ಅಡ್ಡಗಾಲು ಹಾಕದ ವಿಮೆಯನ್ನು ಕಾಯಿಲೆಯವರೇ ಹೆಚ್ಚಾಗಿ ಹುಡುಕಿಕೊಂಡು ಬರುತ್ತಾರೆ, ಕ್ಲೈಮು ಏರುತ್ತದೆ. ಮೇಲ್ಮನೆಯಾದ ಸೆನೆಟ್‌ನಲ್ಲಿ ಬೇಕಿದ್ದ 60 ಮತ ಸೆನೆಟರ್ ಜೋ ಲೀಬರ್ಮನ್ ವಿರೋಧದಿಂದ ಕೂಡಿಬರಲಿಲ್ಲ, ಅಂಶವನ್ನೇ ಕೈಬಿಟ್ಟರು.

ವಾಷಿಂಗ್ಟನ್ ರಾಜ್ಯ ದರಕ್ಕೇ ಕೈ ಹಾಕಿತು. 2021ರಿಂದ ಜಾರಿಗೆ ಬಂದ ಅಲ್ಲಿನ ಯೋಜನೆಯನ್ನು ನಡೆಸುವುದು ಗುತ್ತಿಗೆ ಪಡೆದ ಖಾಸಗಿ ಕಂಪನಿಗಳೇ. ಆದರೆ ಕೊಡುವ ದರ ಒಟ್ಟಾರೆ ಮೆಡಿಕೇರ್‌ನ 160% ಮೀರುವಂತಿಲ್ಲ. ಸೇರುವುದು ಆಸ್ಪತ್ರೆಗಳ ಇಷ್ಟಕ್ಕೆ ಬಿಟ್ಟದ್ದಾಗಿದ್ದರಿಂದ ಹಲವು ಆಸ್ಪತ್ರೆಗಳು ಸಹಿ ಹಾಕಲಿಲ್ಲ. ಎಷ್ಟೋ ಕೌಂಟಿಗಳಲ್ಲಿ (ಜಿಲ್ಲೆಗಳಲ್ಲಿ) ಯೋಜನೆಯೇ ಸಿಗಲಿಲ್ಲ. ಆಮೇಲೆ, ಕನಿಷ್ಠ ಒಂದು ಯೋಜನೆಯ ಜೊತೆಗಾದರೂ ಕರಾರು ಮಾಡಿಕೊಳ್ಳಲೇಬೇಕು ಎಂಬ ಕಾನೂನು ತರಬೇಕಾಯಿತು. ದರಕ್ಕೆ ಮಿತಿ ಹಾಕಿ ಸೇರ್ಪಡೆಯನ್ನು ಕಡ್ಡಾಯ ಮಾಡದಿದ್ದರೆ ರೋಗಿಯ ಕೈಯಲ್ಲಿ ಉಳಿಯುವುದು ಬರೀ ಕಾರ್ಡು.

ನಮ್ಮಲ್ಲೂ ಅದೇ ಕಗ್ಗಂಟು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಮಾತ್ರ. ಆ ಪ್ಯಾಕೇಜ್ ದರ ಸಾಲದು ಎಂಬುದೇ ಖಾಸಗಿ ಆಸ್ಪತ್ರೆಗಳ ಹಳೆಯ ತಕರಾರು.

ಇನ್ನು ನಿಮ್ಮಿಬ್ಬರ ವಿಷಯ. ಗ್ರೀನ್ ಕಾರ್ಡ್ ಬಂದ ತಕ್ಷಣ ಮೆಡಿಕೇರ್ ಸಿಗುವುದಿಲ್ಲ. ಅಲ್ಲಿ ಸತತ 5 ವರ್ಷ ವಾಸವಿರಬೇಕು. ಮಗಳು ಕಟ್ಟಿದ ತೆರಿಗೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಪೂರ್ತಿ ಪ್ರೀಮಿಯಂ ನೀವೇ ಕಟ್ಟಬೇಕು. 2025ರ ದರದಲ್ಲಿ ಆಸ್ಪತ್ರೆ ಖರ್ಚಿನ ‘ಪಾರ್ಟ್ ಎ’ಗೆ ಒಬ್ಬರಿಗೆ ತಿಂಗಳಿಗೆ 518 ಡಾಲರ್, ವೈದ್ಯರ ಖರ್ಚಿನ ‘ಪಾರ್ಟ್ ಬಿ’ಗೆ 185. ಆ 5 ವರ್ಷ 2010ರ ಕಾಯ್ದೆಯಡಿಯ ವಿಮಾ ಮಾರುಕಟ್ಟೆಯಲ್ಲಿ ಖಾಸಗಿ ಪಾಲಿಸಿಯನ್ನೇ ಕೊಳ್ಳಬೇಕು. ಸಕ್ಕರೆ ಕಾಯಿಲೆ, ಬಿಪಿ ಇದೆ ಎಂದು ಅವರು ನಿರಾಕರಿಸುವಂತಿಲ್ಲ. ಆದರೆ ಹೋಗಿ ಇಳಿದ 60 ದಿನದೊಳಗೆ ಅರ್ಜಿ ಹಾಕಿ, ತಪ್ಪಿದರೆ ನವೆಂಬರ್ 1ರಿಂದ ಶುರುವಾಗುವ ವಾರ್ಷಿಕ ನೋಂದಣಿಯವರೆಗೆ ಕಾಯಬೇಕು. 5 ವರ್ಷ ತುಂಬಿದ ಮೇಲೂ ಉದಾಸೀನ ಬೇಡ: ‘ಪಾರ್ಟ್ ಬಿ’ಗೆ ಸೇರುವುದು ತಡವಾದರೆ ಪ್ರತಿ 12 ತಿಂಗಳಿಗೆ 10% ದಂಡ ಸೇರುತ್ತದೆ, ಅದನ್ನು ವಿಮೆ ಇರುವಷ್ಟು ಕಾಲವೂ ಕಟ್ಟುತ್ತಲೇ ಇರಬೇಕು.

— ಸಂಪಾದಕ