ಎಲ್ಲ ಕಂಪ್ಯೂಟರಿಗೂ ಲೈಸೆನ್ಸ್ ಕೊಳ್ಳಲೇಬೇಕಾ?

ಪ್ರಶ್ನೆ: ಸರ್, ಶಿವಮೊಗ್ಗದಲ್ಲಿ ನಮ್ಮದು ಅಡಿಕೆ ಮಂಡಿ. ಆರು ಕಂಪ್ಯೂಟರ್ ಇವೆ. ದುಡ್ಡು ಕೊಟ್ಟು ತಗೊಂಡಿದ್ದು ಟ್ಯಾಲಿ ಒಂದೇ. ವಿಂಡೋಸ್, ಆಫೀಸ್ ಎಲ್ಲ ರಿಪೇರಿಗೆ ಬರುವ ಹುಡುಗ ಹಾಕಿಕೊಟ್ಟಿದ್ದು. 'ಇದೆಲ್ಲ ಕ್ರ್ಯಾಕ್ (ಕಳ್ಳ ಪ್ರತಿ), ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕೋಣ' ಅಂತ ಮಗ ಹೇಳ್ತಾನೆ. ಗುಮಾಸ್ತರು ಬೇಡವೇ ಬೇಡ ಅಂತಾರೆ. ಎಲ್ಲಕ್ಕೂ ಲೈಸೆನ್ಸ್ ಕೊಳ್ಳಬೇಕಾ, ಇಲ್ಲಾ ಎಲ್ಲ ಬಿಟ್ಟು ಉಚಿತದ್ದಕ್ಕೆ ಹೋಗಬೇಕಾ?

ಉತ್ತರ: ಎರಡೂ ಬೇಡ. ಮಗ ಹೇಳುವುದು ಸರಿ, ಗುಮಾಸ್ತರ ಹೆದರಿಕೆಗೂ ಕಾರಣವಿದೆ. ಮೊದಲು ಒಂದು ನೋಟ್ ಪುಸ್ತಕ ಹಿಡಿದು ಆರೂ ಕಂಪ್ಯೂಟರ್ ಮುಂದೆ ಕೂತುಕೊಳ್ಳಿ. ಯಾವುದರಲ್ಲಿ ಏನೇನು ಹಾಕಿದೆ, ಅದರ ಬಿಲ್ ಎಲ್ಲಿದೆ, ದಿನಾ ಅದರಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಬರೆಯಿರಿ. ಕೊನೆಯದು ಬಹಳ ಮುಖ್ಯ. ಎಷ್ಟೋ ಕಡೆ ಆಫೀಸ್ ಬೇಕಾಗುವುದು ಒಂದು ಪತ್ರ ಟೈಪ್ ಮಾಡಲು, ಒಂದು ಎಕ್ಸೆಲ್ ಹಾಳೆ ತೆರೆಯಲು, ಅಷ್ಟೇ.

ಬರೆಯುತ್ತಾ ಹೋದರೆ ಒಳ್ಳೆಯ ಸುದ್ದಿಯೂ ಸಿಗಬಹುದು. ವಿಂಡೋಸ್ 8 ಬಂದ ಮೇಲೆ, ವಿಂಡೋಸ್ ಸಮೇತ ಮಾರಾಟವಾಗುವ ಬ್ರ್ಯಾಂಡೆಡ್ ಕಂಪ್ಯೂಟರುಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಸಾಮಾನ್ಯವಾಗಿ ನೀವು ದುಡ್ಡು ಕೊಟ್ಟಿರುವುದು 'ಹೋಮ್' ಆವೃತ್ತಿಗೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿ ಕ್ರ್ಯಾಕ್ ಆದ 'ಪ್ರೊ' ಹಾಕಿರುತ್ತಾರೆ. ಮತ್ತೆ ಅದೇ 'ಹೋಮ್' ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಆದರೆ ಈ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿದ್ದು, ಬೇರೆಯದಕ್ಕೆ ಸಾಗಿಸುವ ಹಾಗಿಲ್ಲ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ ವಿಂಡೋಸ್ ಬೇಕಿದ್ದರಂತೂ ಬೇರೆ ಲೈಸೆನ್ಸ್ ಕೊಳ್ಳಲೇಬೇಕು.

ಕೆಟ್ಟ ಸುದ್ದಿ ಆಫೀಸ್ ಕಡೆಯದು. ಲ್ಯಾಪ್‌ಟಾಪ್ ಜೊತೆ 'ಆಫೀಸ್ ಫ್ರೀ' ಎಂದು ಕೊಟ್ಟಿದ್ದರೆ ಅದು 'ಹೋಮ್ ಆ್ಯಂಡ್ ಸ್ಟೂಡೆಂಟ್' ಆಗಿರಬಹುದು. ಮೈಕ್ರೋಸಾಫ್ಟಿನ ಷರತ್ತಿನ ಪ್ರಕಾರ ಅದು ಮನೆಗೆ ಮತ್ತು ಓದುವ ಮಕ್ಕಳಿಗೆ. ಮಂಡಿಯ ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕೀ ನಂಬಬೇಡಿ. ಬೀಗದ ಕೈ ಇದ್ದವರೆಲ್ಲ ಮನೆಯ ಯಜಮಾನರಲ್ಲ, ಅಲ್ವಾ? ಎಲ್ಲೋ ಒಂದು ದೊಡ್ಡ ಸಂಸ್ಥೆಗೆ ಕೊಟ್ಟ ಕೀಯನ್ನು ಬಿಡಿಬಿಡಿಯಾಗಿ ಮಾರುವವರೂ ಇದ್ದಾರೆ. ನಿಮ್ಮ ಹೆಸರಿಗೆ, ನಿಮ್ಮ ಜಿಎಸ್‌ಟಿ ನಂಬರ್ ಹಾಕಿದ ಬಿಲ್ ಇದ್ದರೆ ಕೇಳಿದವರಿಗೆ ತೋರಿಸಲು ಒಂದು ಆಧಾರ ಇರುತ್ತದೆ.

ಕಾನೂನು ಸಣ್ಣದೇನಲ್ಲ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಕಳ್ಳ ಪ್ರತಿ ಎಂದು ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ನನಗೆ ಜಾಸ್ತಿ ಚಿಂತೆ ಬೇರೆಯದು. ಕ್ರ್ಯಾಕ್ ಹಾಕುವಾಗ ಮೊದಲು ಆ್ಯಂಟಿವೈರಸ್ ಆಫ್ ಮಾಡುತ್ತಾರೆ. ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಕೆಲಸ ಮಾಡುತ್ತೀರಿ, ರೈತರ ಮುಂಗಡದ ಲೆಕ್ಕ ಇಡುತ್ತೀರಿ. ಆ ಲೆಕ್ಕ ವೈರಸ್ ಕೈಗೆ ಸಿಕ್ಕಿ ಹೋದರೆ ಯಾವ ದಂಡಕ್ಕಿಂತಲೂ ದೊಡ್ಡ ನಷ್ಟ.

ಈಗ ಟ್ಯಾಲಿ. ಅದನ್ನು ಮುಟ್ಟಬೇಡಿ. ಓಪನ್ ಸೋರ್ಸ್‌ನಲ್ಲಿ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದ ಸಾಫ್ಟ್‌ವೇರ್) ನಮ್ಮ ದೇಶದವರೇ ಕಟ್ಟಿದ, ಇಡೀ ವ್ಯಾಪಾರದ ಲೆಕ್ಕ ನೋಡಿಕೊಳ್ಳುವ ಇಆರ್‌ಪಿ‌ನೆಕ್ಸ್ಟ್ ಇದೆ, ಜಿಎಸ್‌ಟಿ ಲೆಕ್ಕವನ್ನೂ ಮಾಡುತ್ತದೆ. ಅದು ಒಳ್ಳೆಯದೇ, ಆದರೆ ಅದನ್ನು ನಡೆಸಲು ಗೊತ್ತಿರುವ ಒಬ್ಬರು ಬೇಕು. ನಿಮ್ಮ ಆಡಿಟರಿಗೂ ಟ್ಯಾಲಿ ಫೈಲೇ ಬೇಕಾಗಿರುತ್ತದೆ. ಸಿಲ್ವರ್ ಲೈಸೆನ್ಸ್ ಒಬ್ಬರಿಗೆ ಮಾತ್ರ, ಹಲವರು ಒಟ್ಟಿಗೆ ಕೂರಬೇಕಾದರೆ ಗೋಲ್ಡ್ ಬೇಕು. ವರ್ಷದ ಟಿಎಸ್‌ಎಸ್ (ಟ್ಯಾಲಿಯ ವಾರ್ಷಿಕ ಚಂದಾ) ಮುಗಿದರೂ ಟ್ಯಾಲಿ ಓಡುತ್ತದೆ, ಹೊಸ ಅಪ್‌ಡೇಟ್ ಮಾತ್ರ ಬರುವುದಿಲ್ಲ. ಜಿಎಸ್‌ಟಿ ನಿಯಮ ಬದಲಾದಾಗ ಅದರ ಬಿಸಿ ತಟ್ಟುತ್ತದೆ. ಹಾಗಾಗಿ ಅದನ್ನು ನವೀಕರಿಸುತ್ತಿರಿ.

ಟ್ಯಾಲಿ ಇರುವ ಯಂತ್ರ, ತೂಕದ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್, ಡಿಜಿಟಲ್ ಸಹಿಯ ಟೋಕನ್ ಚುಚ್ಚುವ ಕಂಪ್ಯೂಟರ್: ಇವು ಸರಿಯಾದ ವಿಂಡೋಸ್‌ನಲ್ಲೇ ಇರಲಿ. ಉಳಿದವುಗಳಲ್ಲಿ ನಡೆಯುವುದು ಸರಕು ಸಾಗಿಸಲು ಬೇಕಾದ ಇ-ವೇ ಬಿಲ್, ಇಮೇಲ್, ಪತ್ರ, ಹಾಳೆ. ಇ-ವೇ ಬಿಲ್ ಬ್ರೌಸರ್‌ನಲ್ಲಿ ನಡೆಯುವ ಕೆಲಸ, ಯಾವ ಕಂಪ್ಯೂಟರ್ ಆದರೂ ಸರಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇಂಟೆಲ್ ಏಳನೇ ತಲೆಮಾರು ಮತ್ತು ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಹೆಚ್ಚಿನವನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಥವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಕೆಲವು ವರ್ಷ ಚೆನ್ನಾಗಿ ದುಡಿಯುತ್ತವೆ.

ಗುಮಾಸ್ತರ ವಿಷಯ. ಒಂದೇ ದಿನ ಎಲ್ಲ ಬದಲಾಯಿಸಿದರೆ ಅವರು ಕೈಬಿಡುತ್ತಾರೆ, ತಪ್ಪು ಅವರದ್ದಲ್ಲ. ಮೊದಲು ಈಗಿರುವ ವಿಂಡೋಸ್‌ನಲ್ಲೇ ಆಫೀಸ್ ಬದಲಿಗೆ ಬಳಸಬಹುದಾದ ಉಚಿತ ಲಿಬ್ರೆಆಫೀಸ್ ಹಾಕಿ. ಅದರ ಮೆನು ಕನ್ನಡದಲ್ಲೂ ಸಿಗುತ್ತದೆ, ಎಕ್ಸೆಲ್ ಮತ್ತು ವರ್ಡ್ ಫೈಲುಗಳನ್ನು ತೆರೆಯುತ್ತದೆ. ಮ್ಯಾಕ್ರೊ (ತಾನಾಗಿ ಕೆಲಸ ಮಾಡುವ ಚಿಕ್ಕ ಪ್ರೋಗ್ರಾಂ) ಇರುವ ಎಕ್ಸೆಲ್ ಫೈಲ್ ಮಾತ್ರ ಎಡವಬಹುದು, ಅದನ್ನು ಮೊದಲೇ ಪರೀಕ್ಷಿಸಿ. ಕೈಗೆ ಹಿಡಿತ ಬಂದ ಮೇಲೆ ಲಿನಕ್ಸ್. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೆಲಸ ಮಾಡುತ್ತದೆಯೇ ನೋಡಿ, ಆಮೇಲೆ ಹಾಕಿ. ಈ ಕೆಲಸಕ್ಕೆ ಮಳೆಗಾಲವೇ ಸರಿ. ಹೊಸ ಅಡಿಕೆ ಬರುವ ಸಮಯದಲ್ಲೋ ಮಾರ್ಚ್ ಕೊನೆಯಲ್ಲೋ ಕೈ ಹಾಕಬೇಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ವಕ್ಕಲು (ರೈತರು ತಂದ ಅಡಿಕೆಯ ಲಾಟ್), ತೂಕ, ಹಮಾಲಿ, ಕಮಿಷನ್ ಲೆಕ್ಕಕ್ಕೆ ಊರಿನ ಯಾರೋ ಬರೆದುಕೊಟ್ಟ ಪ್ರೋಗ್ರಾಂ ಅನೇಕ ಮಂಡಿಗಳಲ್ಲಿ ಇರುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಬಗೆಗಳ ಲೆಕ್ಕ ಎಲ್ಲ ಅದರಲ್ಲೇ. ಬರೆದವರು ಬೆಂಗಳೂರಿಗೆ ಹೋಗಿಬಿಟ್ಟರೆ? ನೀವು ದುಡ್ಡು ಕೊಟ್ಟ ಮಾತ್ರಕ್ಕೆ ಅದು ನಿಮ್ಮದಲ್ಲ. ನಿಮ್ಮ ನೌಕರರಲ್ಲದವರು ಬರೆದ ಪ್ರೋಗ್ರಾಂನ ಹಕ್ಕು, ಬರಹದ ಒಪ್ಪಂದ ಇಲ್ಲದಿದ್ದರೆ, ಬರೆದವರದ್ದೇ. ಈಗಲೇ ಅವರನ್ನು ಕಂಡು ಒಂದು ಕಾಗದ ಮಾಡಿಸಿ: ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ನಮಗೂ ಕೊಡಬೇಕು, ಬೇರೆಯವರಿಂದ ತಿದ್ದಿಸಲು ಒಪ್ಪಿಗೆ ಇರಬೇಕು. ಇದಕ್ಕೆ ಸ್ವಲ್ಪ ದುಡ್ಡು ಕೇಳಿದರೂ ಕೊಡಿ. ಆಫೀಸ್ ಲೈಸೆನ್ಸಿಗಿಂತ ಇದು ನಿಮಗೆ ಮುಖ್ಯ.

ಪ್ರಶ್ನೆ: ಶಿವಮೊಗ್ಗದ ಗಾರ್ಡನ್ ಏರಿಯಾದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಮಾಡುತ್ತೇವೆ. ಡಿಸೈನ್ ಮಾಡುವ ಕೋರೆಲ್ ಡ್ರಾ ಮತ್ತು ಕನ್ನಡ ಟೈಪಿಂಗಿನ ನುಡಿ ಇಲ್ಲದೆ ಕೆಲಸ ಆಗುವುದಿಲ್ಲ. ನಮಗೂ ಉಚಿತ ಸಾಫ್ಟ್‌ವೇರ್ ಸಾಕಾ?

ಉತ್ತರ: ಪೂರ್ತಿ ಸಾಕಾಗುವುದಿಲ್ಲ. ಗಿರಾಕಿ ತರುವ ಕೋರೆಲ್ ಫೈಲನ್ನು ಉಚಿತ ಡಿಸೈನ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ತೆರೆಯಬಹುದು, ಆದರೆ ಎಲ್ಲವನ್ನೂ ಇದ್ದಂತೆಯೇ ತೋರಿಸುವ ಖಾತ್ರಿ ಇಲ್ಲ. ಇಂಕ್‌ಸ್ಕೇಪ್ ಒಳಗೆ ಬಣ್ಣ ಆರ್‌ಜಿಬಿ, ಅಂದರೆ ಪರದೆಗೆ ಹೊಂದುವ ಕೆಂಪು-ಹಸಿರು-ನೀಲಿ. ನಾಲ್ಕು ಬಣ್ಣದ ಪ್ಲೇಟಿಗೆ ಹೋಗುವ ಕೆಲಸವನ್ನು ಪುಟ ಜೋಡಿಸುವ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್‌ಗೆ ತಂದು ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣದ) ಪಿಡಿಎಫ್ ಮಾಡಬೇಕಾಗುತ್ತದೆ. ಕೋರೆಲ್‌ನ ಒಂದು ಸರಿಯಾದ ಲೈಸೆನ್ಸ್ ಕೊಂಡು ಒಂದೇ ಯಂತ್ರದಲ್ಲಿ ಇಡಿ. ಬಿಲ್ ಬುಕ್, ರಶೀದಿಯಂಥ ಒಂದೇ ಬಣ್ಣದ ಕೆಲಸವನ್ನು ಉಳಿದ ಯಂತ್ರಗಳಲ್ಲಿ ಇಂಕ್‌ಸ್ಕೇಪ್‌ನಿಂದ ಮಾಡಿ.

ನಿಮ್ಮ ನಿಜವಾದ ತೊಡಕು ನುಡಿಯ ಹಳೆಯ ಆಸ್ಕಿ ಫಾಂಟುಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವೇ ಕಾಣುವುದಿಲ್ಲ, ಹುಡುಕಲೂ ಆಗುವುದಿಲ್ಲ. ಹೊಸ ಕೆಲಸವನ್ನು ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ಫೈಲಿಗೆ ಮತ್ತೆ ಆರ್ಡರ್ ಬಂದಾಗ ಮಾತ್ರ ಕನ್ವರ್ಟ್ ಮಾಡಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಬೆರಳಿಗೆ ರೂಢಿಯಾದ ಕೀಬೋರ್ಡ್ ಬಿಡಬೇಕಿಲ್ಲ. ಲಿನಕ್ಸ್‌ನಲ್ಲೂ ಅದು 'ಕಗಪ' ಹೆಸರಿನಲ್ಲೇ ಇದೆ. ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ ಫಾಂಟುಗಳನ್ನು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದಾರೆ. ಅವುಗಳಲ್ಲಿ ಅಚ್ಚು ಹಾಕಿ ಧಾರಾಳವಾಗಿ ಮಾರಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

ಪ್ರಶ್ನೆ: ಸಾಗರದ ನಮ್ಮ ಸಹಕಾರ ಸಂಘದ ಸಭೆಯಲ್ಲಿ ಓಪನ್ ಸೋರ್ಸ್ ಬಳಸುವ ಮಾತು ಬಂದಾಗ ಒಬ್ಬ ನಿರ್ದೇಶಕರು ಕೇಳಿದರು: 'ಇವತ್ತು ಫ್ರೀ ಅಂತ ಕೊಟ್ಟು ನಾಳೆ ದುಡ್ಡು ಕೇಳಿದರೆ?'

ಉತ್ತರ: ಈಗಾಗಲೇ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿ ಬಂದ ಆವೃತ್ತಿಯನ್ನು ಬಳಸುವ ಹಕ್ಕನ್ನು ಹಾಗೆ ವಾಪಸ್ ಪಡೆಯಲು ಬರುವುದಿಲ್ಲ. ಮುಂದಿನ ಆವೃತ್ತಿಗೆ ದುಡ್ಡು ಕೇಳಿದರೆ ಹಳೆಯದನ್ನು ಬೇರೆಯವರು ಮುಂದುವರಿಸಬಹುದು. ಓಪನ್‌ಆಫೀಸ್ ನಡೆಸುತ್ತಿದ್ದ ಕಂಪನಿ ಕೈ ಬದಲಾದ ಮೇಲೆ, 2010ರಲ್ಲಿ ಲಿಬ್ರೆಆಫೀಸ್ ಹುಟ್ಟಿದ್ದೇ ಹೀಗೆ. ಸಂಘದೊಳಗೆ ಬರೀ ಬಳಸುವವರಿಗೆ, ಓಪನ್ ಸೋರ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಿಎಲ್‌ನಂಥ ಲೈಸೆನ್ಸ್ ಯಾವ ಕಟ್ಟುಪಾಡನ್ನೂ ಹಾಕುವುದಿಲ್ಲ. ತಿದ್ದಿಯೋ ಇದ್ದ ಹಾಗೆಯೋ ಹೊರಗಿನವರಿಗೆ ಹಂಚಿದಾಗ ಮಾತ್ರ ಸೋರ್ಸ್ ಕೋಡ್ ಕೊಡಬೇಕು.

ಆದರೆ ದುಡ್ಡು ಕೇಳದ ಸಾಫ್ಟ್‌ವೇರ್ ಎಲ್ಲವೂ ಓಪನ್ ಸೋರ್ಸ್ ಅಲ್ಲ. ಫೈಲುಗಳನ್ನು ಕುಗ್ಗಿಸಿಡುವ ವಿನ್‌ರಾರ್ ಉಚಿತ ಇರುವುದು 40 ದಿನ, ಆಮೇಲೂ ಓಡುತ್ತದೆ ಅಂತ ಸುಮ್ನೆ ಬಳಸುತ್ತೇವೆ. ದೂರದಿಂದ ರಿಪೇರಿ ಮಾಡಲು ಬಳಸುವ ಎನಿಡೆಸ್ಕ್ ಮತ್ತು ಟೀಮ್‌ವ್ಯೂವರ್ ಸ್ವಂತ ಬಳಕೆಗೆ ಮಾತ್ರ ಉಚಿತ, ಸಂಘದ ಕಚೇರಿಗೆ ಅಲ್ಲ. ಅವುಗಳ ಬದಲು 7-ಜಿಪ್ ಮತ್ತು ರಸ್ಟ್‌ಡೆಸ್ಕ್ ಇವೆ. ಇನ್ನು ಲೈಸೆನ್ಸಿಗೆ ಉಳಿದ ದುಡ್ಡನ್ನು ಬಜೆಟ್‌ನಿಂದ ಪೂರ್ತಿ ಕಿತ್ತುಹಾಕಬೇಡಿ. ಅದರಲ್ಲಿ ಒಂದು ಪಾಲು ಸಿಬ್ಬಂದಿಯ ತರಬೇತಿಗೆ, ಇನ್ನೊಂದು ಪಾಲು ತಿಂಗಳಿಗೊಮ್ಮೆ ಬಂದು ಬ್ಯಾಕಪ್ ಪರೀಕ್ಷಿಸುವ ಸ್ಥಳೀಯ ಹುಡುಗನಿಗೋ ಹುಡುಗಿಗೋ ಇಡಿ ಎಂದು ಸಭೆಯ ನಡಾವಳಿಯಲ್ಲೇ ಬರೆಸಿ.